ಸಾಕುಪ್ರಾಣಿಗಳಿಗೆ ಔಷಧಿ: ಕೊಳ್ಳುವಾಗ, ಕೊಡುವಾಗ ವಹಿಸಬೇಕಾದ ಎಚ್ಚರಿಕೆಗಳು

ಹಸುವಿಗೆ ಜ್ವರ ಬಂದರೆ ಅಥವಾ ತೋಟ ಕಾಯುವ ನಾಯಿಗೆ ಉಣ್ಣೆ ಹತ್ತಿದರೆ, ಮನೆಯಲ್ಲಿ ಉಳಿದಿರುವ ಮಾತ್ರೆಯನ್ನೋ ಬೆಳೆಗೆ ಸಿಂಪಡಿಸಿ ಮಿಕ್ಕ ಔಷಧಿಯನ್ನೋ ಬಳಸುವ ರೂಢಿ ಹಲವೆಡೆ ಇದೆ. ಇದರಿಂದ ನಾಲ್ಕು ಕಾಸು ಉಳಿದಂತೆ ಕಂಡರೂ ಪ್ರಾಣಿಯೇ ಕೈತಪ್ಪಿ ಹೋಗಬಹುದು. ಒಂದು ಜೀವಿಗೆ ಔಷಧಿಯಾದುದು ಇನ್ನೊಂದಕ್ಕೆ ವಿಷವಾಗಬಹುದು ಎಂಬುದನ್ನು ರೈತರು ಮೊದಲು ಮನಗಾಣಬೇಕು.

ಮನುಷ್ಯರ ಮಾತ್ರೆ ಬೇಡ

ಜ್ವರಕ್ಕೆ ಜನರು ನುಂಗುವ ಪ್ಯಾರಾಸಿಟಮಾಲನ್ನು ಬೆಕ್ಕಿಗೆ ಎಂದೂ ಕೊಡಬಾರದು. ಅದನ್ನು ಮಾರ್ಪಡಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಇದರಿಂದ ರಕ್ತವು ಆಮ್ಲಜನಕ ಒಯ್ಯುವ ಗುಣವನ್ನು ಕಳೆದುಕೊಳ್ಳುತ್ತದೆ. 500 ಮಿಲಿಗ್ರಾಂನ ಒಂದೇ ಮಾತ್ರೆಯಿಂದ ಬೆಕ್ಕು ಸಾಯಬಹುದು. ನೋವಿಗೆ ಬಳಸುವ ಐಬುಪ್ರೊಫೆನ್ ನಾಯಿಯ ಜಠರದಲ್ಲಿ ಹುಣ್ಣು ಮಾಡಿ, ಮೂತ್ರಪಿಂಡಗಳನ್ನು ಕೆಡಿಸುತ್ತದೆ.

ಉಣ್ಣೆಯ ಔಷಧಿ

ಬೆಳೆಯ ಕೀಟನಾಶಕವನ್ನು ಪ್ರಾಣಿಗಳ ಮೈಗೆ ಹಚ್ಚಬಾರದು. ಅದು ಚರ್ಮದ ಮೂಲಕವೂ, ಮೈ ನೆಕ್ಕಿದಾಗ ಬಾಯಿಯ ಮೂಲಕವೂ ಒಳಸೇರುತ್ತದೆ. ನಾಯಿಗೆಂದೇ ತಯಾರಿಸಿದ ಪರ್ಮೆಥ್ರಿನ್ ಔಷಧಿ ಕೂಡ ಬೆಕ್ಕಿಗೆ ವಿಷ.

ಡೈಕ್ಲೋಫೆನಾಕ್ ನಿಷೇಧ

ಈ ನೋವುನಿವಾರಕವನ್ನು ಪಡೆದ ಹಸು ಸತ್ತು, ಅದರ ಮಾಂಸವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಆದುದರಿಂದ ಭಾರತ ಸರ್ಕಾರವು 2006ರಲ್ಲಿ ಪಶುಗಳಿಗಾಗಿ ಇದರ ತಯಾರಿಕೆಯನ್ನು ನಿಷೇಧಿಸಿತು. 2023ರಲ್ಲಿ ಕೀಟೋಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ ಔಷಧಿಗಳನ್ನೂ ಪಶುಗಳಿಗೆ ಬಳಸದಂತೆ ನಿಷೇಧಿಸಲಾಯಿತು. ಮನುಷ್ಯರಿಗೆಂದು ಮಾರುವ ಡೈಕ್ಲೋಫೆನಾಕನ್ನು ತಂದು ಹಸುವಿಗೆ ಚುಚ್ಚಿಸುವುದೂ ತಪ್ಪು. ಇದರ ಬದಲು ರಣಹದ್ದುಗಳಿಗೆ ಹಾನಿಯಿಲ್ಲದ ಮೆಲಾಕ್ಸಿಕಾಮ್ ಬಗ್ಗೆ ಪಶುವೈದ್ಯರನ್ನು ಕೇಳಬೇಕು. ರಾಮನಗರದ ರಾಮದೇವರ ಬೆಟ್ಟದ ರಣಹದ್ದುಗಳ ಉಳಿವು ಸುತ್ತಲಿನ ಕೊಟ್ಟಿಗೆಗಳಲ್ಲಿ ಕೊಡುವ ಔಷಧಿಯನ್ನೂ ಅವಲಂಬಿಸಿದೆ.

ಕೊಳ್ಳುವಾಗ

1. ಪಶುವೈದ್ಯರ ಚೀಟಿಯಂತೆ, ಪರವಾನಗಿ ಇರುವ ಅಂಗಡಿಯಲ್ಲಿಯೇ ಕೊಂಡು ರಸೀದಿ ಪಡೆಯಬೇಕು.
2. ಯಾವ ಪ್ರಾಣಿಗೆ, ಎಷ್ಟು ಪ್ರಮಾಣ, ಯಾವ ತಿಂಗಳವರೆಗೆ ಬಳಸಬಹುದು ಎಂಬುದನ್ನು ಓದಿ ನೋಡಬೇಕು.
3. ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಟ್ಟು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಯೇ ತರಬೇಕು.

ಕೊಡುವಾಗ

1. ಪ್ರಮಾಣವು ಪ್ರಾಣಿಯ ತೂಕವನ್ನು ಅವಲಂಬಿಸಿರುವುದರಿಂದ ಕಣ್ಣಂದಾಜು ಸಲ್ಲದು.
2. ಗೊಟ್ಟದಲ್ಲಿ ಕುಡಿಸುವಾಗ ಹಸುವಿನ ತಲೆಯನ್ನು ಬಹಳ ಮೇಲೆತ್ತಬಾರದು, ನಾಲಿಗೆಯನ್ನು ಹಿಡಿದೆಳೆಯಬಾರದು. ಸ್ವಲ್ಪ ಸ್ವಲ್ಪವೇ ಹಾಕಿ ನುಂಗಲು ಬಿಡುವು ಕೊಡಬೇಕು. ಕೆಮ್ಮಿದರೆ ತಕ್ಷಣ ನಿಲ್ಲಿಸಿ ತಲೆಯನ್ನು ಬಿಡಬೇಕು. ಇಲ್ಲವಾದರೆ ಔಷಧಿ ಶ್ವಾಸಕೋಶಕ್ಕೆ ಇಳಿದು ಹಸು ಸಾಯುವ ಸಂಭವವಿದೆ.
3. ರೋಗ ಇಳಿಯಿತೆಂದು ಆಂಟಿಬಯೋಟಿಕ್ ಔಷಧಿಯನ್ನು ನಡುವೆ ನಿಲ್ಲಿಸಬಾರದು.
4. ಔಷಧಿಯ ಮೇಲೆ ಸೂಚಿಸಿದಷ್ಟು ದಿನ ಆ ಹಸುವಿನ ಹಾಲನ್ನು ಮಾರಬಾರದು, ಮನೆಯಲ್ಲಿಯೂ ಬಳಸಬಾರದು. ಆಂಟಿಬಯೋಟಿಕ್ ಬೆರೆತ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗದಿರುವುದೂ ಉಂಟು. ಕಾಯಿಸಿದ ಮಾತ್ರಕ್ಕೆ ಔಷಧಿಯ ಅಂಶ ಹೋಗುವುದಿಲ್ಲ.

ತಪ್ಪು ಔಷಧಿ ಒಳಹೋಗಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವಂಥ ಪ್ರಯೋಗಕ್ಕೆ ಕೈಹಾಕಬಾರದು. ಪ್ರಾಣಿಯೊಂದಿಗೆ ಖಾಲಿ ಶೀಶೆ ಅಥವಾ ಮಾತ್ರೆಯ ಹಾಳೆಯನ್ನೂ ಪಶುವೈದ್ಯರ ಬಳಿಗೆ ಒಯ್ಯಬೇಕು. ಕೊಟ್ಟದ್ದು ಏನು, ಎಷ್ಟು, ಯಾವಾಗ ಎಂಬುದನ್ನು ಸಂಕೋಚಪಡದೆ ಹೇಳಿದರೆ ಸರಿಯಾದ ಚಿಕಿತ್ಸೆ ಬೇಗನೆ ದೊರೆತು, ಪ್ರಾಣಿ ಉಳಿಯುವ ಸಾಧ್ಯತೆ ಹೆಚ್ಚುತ್ತದೆ.