ಮನಾಲಿಯಿಂದ ಲೇಹ್‌ಗೆ ಸೈಕಲ್‌: ರಾತ್ರಿ ಎಲ್ಲಿ ಮಲಗುತ್ತೀರಿ?

ಮನಾಲಿ–ಲೇಹ್ ದಾರಿಯನ್ನು ಸೈಕಲ್‌ನಲ್ಲಿ ಹೋಗಬೇಕು ಎಂದು ಆಸೆಪಟ್ಟವರು ಮೊದಲು ಕೇಳುವುದು ಗೇರ್ ಬಗ್ಗೆ. ಅದಕ್ಕೆ ಆಮೇಲೆ ಬರೋಣ. ಮೊದಲು ಒಂದು ಕಾಗದ ತೆಗೆದುಕೊಂಡು, ಯಾವ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ ಎಂದು ಬರೆದುಕೊಳ್ಳಿ.

ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ, 1,930 ಮೀಟರ್. ಮನಾಲಿ ಊರೇ ಅದಕ್ಕಿಂತ ಎತ್ತರದಲ್ಲಿದೆ. ಬೆಂಗಳೂರಿನವರು ವಾರವಾರ ನಂದಿ ಬೆಟ್ಟ ಹತ್ತಿ ತಯಾರಾಗುತ್ತಾರೆ. ಒಳ್ಳೆಯದೇ, ಕಾಲು ಗಟ್ಟಿಯಾಗುತ್ತದೆ. ಆದರೆ ತೆಳು ಗಾಳಿಗೆ ಒಗ್ಗುವುದನ್ನು ನಂದಿ ಕಲಿಸುವುದಿಲ್ಲ. ಈ ದಾರಿಯ ಕೊನೆಯ ಕಣಿವೆ (ಪಾಸ್) ತಂಗ್‌ಲಾಂಗ್ ಲಾ 5,300 ಮೀಟರಿಗೂ ಮೇಲೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರುವುದರ ಅರ್ಧದಷ್ಟು. ಬಲಶಾಲಿ ಹುಡುಗರಿಗೇ ಹೆಚ್ಚು ತೊಂದರೆಯಾಗುವುದುಂಟು, ಯಾಕೆಂದರೆ ಅವರು ಬೇಗ ಹತ್ತಿಬಿಡುತ್ತಾರೆ.

ವೈದ್ಯರು ಹೇಳುವ ಲೆಕ್ಕ ಸರಳ. 3,000 ಮೀಟರ್ ದಾಟಿದ ಮೇಲೆ, ನಿನ್ನೆ ಮಲಗಿದ್ದಕ್ಕಿಂತ ಇವತ್ತು 500 ಮೀಟರಿಗಿಂತ ಹೆಚ್ಚು ಎತ್ತರದಲ್ಲಿ ಮಲಗಬಾರದು. ಮೂರು-ನಾಲ್ಕು ದಿನಕ್ಕೊಮ್ಮೆ ಒಂದು ದಿನ ಸುಮ್ಮನಿರಬೇಕು. ಹಗಲು ಎಷ್ಟು ಹತ್ತಿದರೂ ನಡೆದೀತು, ಇಳಿದು ಮಲಗಬೇಕು. ರೋಹ್ತಾಂಗ್ ಇದಕ್ಕೆ ಹೇಳಿ ಮಾಡಿಸಿದ್ದು. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ಲೇಹ್‌ಗೆ ಹೋಗುವ ಲಾರಿಗಳಿಗೆ ಈ ಕಣಿವೆ ಬೇಡವಾಗಿದೆ. ನಿಮಗೆ ಬೇಕು: 3,978 ಮೀಟರ್ ಮುಟ್ಟಿ, ಆಚೆ ಲಾಹೌಲ್‌ಗೆ ಇಳಿದು, ಸಿಸ್ಸುವಿನಲ್ಲೋ ಕೇಲಾಂಗ್‌ನಲ್ಲೋ ಸುಮಾರು 3,100 ಮೀಟರಿನಲ್ಲಿ ಮಲಗಬಹುದು.

ಎಡವಟ್ಟಾಗುವುದು ಜಿಸ್ಪಾ ದಾಟಿದ ಮೇಲೆ. ಜಿಸ್ಪಾ 3,200 ಮೀಟರ್, ಸರ್ಚು 4,290. ಜೀಪಿನವರು ಇದನ್ನು ಒಂದೇ ದಿನಕ್ಕೆ ಮುಗಿಸಿ, ರಾತ್ರಿಯೆಲ್ಲ ಡೇರೆಯಲ್ಲಿ ತಲೆ ಹಿಡಿದುಕೊಂಡು ಕೂರುತ್ತಾರೆ. ನೀವು ಪಟ್ಸಿಯೋದಲ್ಲಿ ಒಂದು ರಾತ್ರಿ, ಜಿಂಗ್‌ಜಿಂಗ್‌ಬಾರ್‌ನಲ್ಲಿ ಒಂದು ರಾತ್ರಿ ನಿಂತು, ಬೆಳಿಗ್ಗೆ ಬೇಗ ಬಾರಾಲಾಚಾ ಲಾ ಹತ್ತಿ. ಬೇಗ ಎಂದದ್ದು ಚಳಿಗಾಗಿ ಅಲ್ಲ, ನೀರಿಗಾಗಿ. ಬಿಸಿಲೇರಿದಂತೆ ಹಿಮ ಕರಗಿ, ರಸ್ತೆಗೆ ಅಡ್ಡ ಹರಿಯುವ ತೊರೆಗಳು ಮಧ್ಯಾಹ್ನಕ್ಕೆ ಉಕ್ಕುತ್ತವೆ. ಬೆಳಿಗ್ಗೆ ಪಾದ ನೆನೆಯುವಷ್ಟಿದ್ದ ನೀರು ಆಮೇಲೆ ಮೊಣಕಾಲಿಗೆ ಬಂದಿರುತ್ತದೆ. ಎದುರುಗಾಳಿಯೂ ಮಧ್ಯಾಹ್ನದ್ದೇ.

ಬಾರಾಲಾಚಾ ದಾಟಿದಿರೋ, ಆಮೇಲೆ ತಂಗ್‌ಲಾಂಗ್ ಲಾ ಮುಗಿಯುವವರೆಗೆ ರಸ್ತೆ ಎಲ್ಲೂ ತೀರಾ ಕೆಳಗಿಳಿಯುವುದಿಲ್ಲ. ಕಾಯಿಲೆಯಾದರೆ ಹಿಂದಕ್ಕೂ ಕಣಿವೆ, ಮುಂದಕ್ಕೂ ಕಣಿವೆ. ಹಾಗಾಗಿ ತಲೆನೋವು, ವಾಕರಿಕೆ ಇದ್ದರೆ ಜಿಂಗ್‌ಜಿಂಗ್‌ಬಾರ್‌ನಲ್ಲೇ ನಿಂತುಬಿಡಿ. ನಡಿಗೆ ತಟ್ಟಾಡಿದರೆ, ಮಾತು ತೊದಲಿದರೆ, ಸುಮ್ಮನೆ ಕೂತಾಗಲೂ ಏದುಸಿರು ಬಂದರೆ ಕಾಯಬೇಡಿ. ರಾತ್ರಿಯಾದರೂ ಸಿಕ್ಕ ಗಾಡಿ ಹತ್ತಿ ಕೆಳಗಿಳಿಯಿರಿ. ಎತ್ತರದ ಕಾಯಿಲೆಗೆ ತೆಗೆದುಕೊಳ್ಳುವ ಮಾತ್ರೆಯ ವಿಚಾರ ಹೊರಡುವ ಮೊದಲೇ ವೈದ್ಯರ ಹತ್ತಿರ ಮಾತಾಡಿ.

ಈಗ ಗೇರ್. ಸೇನೆಯ ಲಾರಿಗಳೂ ಹತ್ತಬೇಕಾದ ರಸ್ತೆಯಿದು, ಏರು ಕಡಿದಾಗಿಲ್ಲ, ಉದ್ದ ಅಷ್ಟೇ. ಗಾಟಾ ಲೂಪ್ಸ್‌ನ 21 ತಿರುವುಗಳನ್ನು ಕೆಳಗಿನಿಂದ ನೋಡಿ ಹೆದರುವವರು ಹತ್ತುವಾಗ ಬೆರಗಾಗುತ್ತಾರೆ. ಅತಿ ಹಗುರ ಗೇರ್ ಇರಲಿ. ಜೊತೆಯವರ ಹತ್ತಿರ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟೇ ವೇಗ. ಇಳಿಯುವಾಗ ಬ್ರೇಕ್ ಹಿಡಿದೇ ಇರಬೇಡಿ, ಹಿಡಿದು ಬಿಡಿ, ಹಿಡಿದು ಬಿಡಿ. ಟ್ಯೂಬ್, ಬ್ರೇಕ್ ಪ್ಯಾಡ್, ಸ್ಪೋಕ್ ಮನಾಲಿಯಲ್ಲೇ ಕೊಂಡಿಟ್ಟುಕೊಳ್ಳಿ. ತಾಂಡಿಯ ಪೆಟ್ರೋಲ್ ಬಂಕ್ ಪಕ್ಕ ‘ಮುಂದಿನ ಬಂಕ್ 365 ಕಿ.ಮೀ.’ ಎಂಬ ಹೆಸರಾಂತ ಫಲಕವಿದೆ. ನಿಮಗೆ ಪೆಟ್ರೋಲ್ ಬೇಡ, ಆದರೆ ಸೈಕಲ್ ಅಂಗಡಿಯೂ ಹತ್ತಿರದಲ್ಲಿಲ್ಲ.

ತಂಗ್‌ಲಾಂಗ್ ಲಾ ಇಳಿದು ಉಪ್ಶಿಯಲ್ಲಿ ಸಿಂಧೂ ನದಿ ಕಂಡಾಗ ಎಲ್ಲ ಮುಗಿಯಿತು ಎನ್ನಿಸುತ್ತದೆ. ಮುಗಿದಿರುವುದಿಲ್ಲ: ಲೇಹ್ ನದಿದಂಡೆಯಲ್ಲಿಲ್ಲ, ಚೋಗ್ಲಮ್ಸಾರ್‌ನಿಂದ ಮೇಲಕ್ಕೆ ಇನ್ನೊಂದು ಏರಿದೆ. ಅದಕ್ಕೆಂದು ಬಾಟಲಿಯಲ್ಲಿ ನೀರು ಉಳಿಸಿಕೊಂಡಿರಿ.