ಮೊದಲ ಮಳೆಗೆ ಮುನ್ನ ಬೀದಿ ಗುಡಿಸೋಣ



ಪ್ರತಿ ವರ್ಷ ಮೃಗಶಿರ ಮಳೆ ಸುರಿದ ಎಂಟು ಹತ್ತು ದಿನಗಳಲ್ಲಿ ವಾಂತಿ, ಭೇದಿ, ಜ್ವರಗಳಿಂದ ಬಳಲಿ ನಮ್ಮ ಚಿಕಿತ್ಸಾಲಯಕ್ಕೆ ಬರುವವರ ಸಂಖ್ಯೆ ಹೆಚ್ಚುತ್ತದೆ. ಅವರಲ್ಲಿ ಮಕ್ಕಳೂ ವೃದ್ಧರೂ ಅಧಿಕ. ಹವೆ ಬದಲಾದುದೇ ಕಾರಣವೆಂದು ಎಲ್ಲರೂ ಸಮಾಧಾನ ಹೇಳಿಕೊಳ್ಳುತ್ತೇವೆ. ಆದರೆ ರೋಗದ ಬೀಜವು ಅನೇಕ ವೇಳೆ ಆಕಾಶದಿಂದ ಇಳಿದುದಲ್ಲ, ನಮ್ಮ ಬೀದಿಯಿಂದಲೇ ಹರಿದು ಬಂದುದು.

ಪ್ರಾಚೀನ ದೇಗುಲಗಳಿಂದಲೂ ಶಾಸನಗಳಿಂದಲೂ ಹೆಸರಾದ ಗಬ್ಬೂರು, ಮಳೆ ಕಡಿಮೆ ಬೀಳುವ ಬಯಲುಸೀಮೆಯ ಊರು. ಚಳಿಗಾಲ, ಬೇಸಿಗೆಗಳ ದೀರ್ಘ ಅವಧಿಯಲ್ಲಿ ಬೀದಿಯ ಮೇಲೆ ಧೂಳು, ಸಗಣಿ, ಕೊಳೆತ ಎಲೆ, ಉಗುಳು, ವಾಹನಗಳ ಎಣ್ಣೆ, ಪ್ಲಾಸ್ಟಿಕ್ ಚೀಟಿಗಳು ಪದರ ಪದರವಾಗಿ ಸೇರುತ್ತವೆ. ಮೊದಲ ಮಳೆಯು ಇವೆಲ್ಲವನ್ನೂ ಒಮ್ಮೆಗೇ ತೊಳೆದು ಚರಂಡಿಗೆ ತಳ್ಳುತ್ತದೆ. ಆದುದರಿಂದ ಆರಂಭದಲ್ಲಿ ಹರಿಯುವ ನೀರು ಅತ್ಯಂತ ಮಲಿನ. ಅದು ಹಳ್ಳ, ಕೆರೆ, ಬಾವಿಗಳನ್ನು ಸೇರುತ್ತದೆ. ಕುಡಿಯುವ ನೀರಿನ ಕೊಳವೆ ಚರಂಡಿಯೊಳಗೇ ಹಾದುಹೋಗಿ ಎಲ್ಲಿಯಾದರೂ ಸೀಳಿದ್ದರೆ, ನೀರು ಬಿಡುವುದನ್ನು ನಿಲ್ಲಿಸಿದಾಗ ಆ ಕೊಳೆಯು ಕೊಳವೆಯ ಒಳಗೂ ನುಗ್ಗುತ್ತದೆ.

ಮಲಿನ ನೀರು ಎಷ್ಟು ಘೋರವೆಂಬುದನ್ನು ನಮ್ಮ ಜಿಲ್ಲೆಗೆ ವಿವರಿಸಬೇಕಾಗಿಲ್ಲ. 2022ರಲ್ಲಿ ರಾಯಚೂರು ನಗರದಲ್ಲಿ, 2023ರಲ್ಲಿ ನಮ್ಮ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಕಲುಷಿತ ನೀರಿನಿಂದ ಸಾವು ನೋವುಗಳಾದವು. ಅವುಗಳಿಗೆ ಬೀದಿಯ ಕಸವೇ ಕಾರಣವೆಂದು ನಾವು ಹೇಳುತ್ತಿಲ್ಲ. ನೀರಿಗೆ ಕೊಳೆ ಸೇರುವ ದಾರಿಗಳಲ್ಲಿ ನಮ್ಮ ಕೈಯಿಂದಲೇ ಮುಚ್ಚಬಹುದಾದ ದಾರಿ ಇದೊಂದು ಎನ್ನುತ್ತೇವೆ.

ಆಯುರ್ವೇದವು ಇದನ್ನು ಬಹು ಹಿಂದೆಯೇ ಅರಿತಿತ್ತು. ಚರಕ ಸಂಹಿತೆಯ ವಿಮಾನಸ್ಥಾನವು ವಾಯು, ಜಲ, ದೇಶ, ಕಾಲ ಎಂಬ ನಾಲ್ಕು ಕೆಟ್ಟಾಗ ಊರಿಗೆ ಊರೇ ರೋಗಕ್ಕೆ ತುತ್ತಾಗುತ್ತದೆಂದು ಹೇಳಿ, ಅದರ ಮೂಲವನ್ನು ಮನುಷ್ಯನ ಪ್ರಜ್ಞಾಪರಾಧದಲ್ಲಿ ಗುರುತಿಸುತ್ತದೆ. ಮಲ, ಮೂತ್ರ, ಕ್ರಿಮಿಗಳಿಂದ ಕೆಟ್ಟ ಹೊಸ ಮಳೆನೀರನ್ನು ಕುಡಿಯುವುದೂ ಅದರಲ್ಲಿ ಮೀಯುವುದೂ ರೋಗಕಾರಕವೆಂದು ಸುಶ್ರುತ ಸಂಹಿತೆಯು ಎಚ್ಚರಿಸುತ್ತದೆ. ಇಂದಿನ ಸಂಶೋಧನೆಯೂ ಬೀದಿಗೂ ನೀರಿಗೂ ಇರುವ ನಂಟನ್ನು ತೋರಿಸಿದೆ. ಅಮೆರಿಕದ ಮ್ಯಾಡಿಸನ್ ನಗರದಲ್ಲಿ ಶರತ್ಕಾಲದ ಉದುರೆಲೆಗಳನ್ನು ಮಳೆಗೆ ಮುನ್ನವೇ ಬೀದಿಯಿಂದ ತೆಗೆದಾಗ, ಮಳೆನೀರಿನೊಡನೆ ಹರಿಯುವ ರಂಜಕವು ಶೇಕಡಾ 80ಕ್ಕೂ ಹೆಚ್ಚು ತಗ್ಗಿತೆಂದು 2016ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸಿತು. ಕೆರೆಯಲ್ಲಿ ಪಾಚಿ ಬೆಳೆಸುವುದು ಈ ರಂಜಕವೇ. ಗುಡಿಸುವುದಷ್ಟೇ ಸಾಲದು, ಮಳೆಗೆ ಮುನ್ನ ಗುಡಿಸಬೇಕು ಎಂಬುದು ಇದರ ಪಾಠ.

ಇಲ್ಲಿ ನಮ್ಮದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಅನೇಕ ವರ್ಷ ನಮ್ಮ ಚಿಕಿತ್ಸಾಲಯದ ಮುಂಭಾಗವನ್ನು ನಿತ್ಯವೂ ಗುಡಿಸಿ, ಕಸವನ್ನು ಎದುರಿನ ಚರಂಡಿಗೇ ತಳ್ಳುತ್ತಿದ್ದೆವು. ಅಂಗಳ ಶುದ್ಧವಾಯಿತೆಂದು ಹಿಗ್ಗಿದೆವು. ನೀರನ್ನು ಕೆಡಿಸುತ್ತಿದ್ದೇವೆಂದು ಹೊಳೆಯಲೇ ಇಲ್ಲ. ಆದುದರಿಂದ ಈ ಕೆಳಗಿನವನ್ನು ಆಚರಣೆಗೆ ತರೋಣ.

1. ರೋಹಿಣಿ ಮಳೆಗೆ ಮೊದಲೇ ಓಣಿಯವರೆಲ್ಲ ಕೂಡಿ ಒಮ್ಮೆ ಸಂಪೂರ್ಣ ಗುಡಿಸಬೇಕು. ಧೂಳು ಏಳದಂತೆ ತುಸು ನೀರು ಚಿಮುಕಿಸಿ, ಮೂಗುಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು.

2. ಕಸವನ್ನು ಚರಂಡಿಗೆ ತಳ್ಳದೆ ಬುಟ್ಟಿಗೆ ತುಂಬಬೇಕು. ಸಗಣಿ, ಎಲೆಗಳು ಬಾವಿಯಿಂದ ದೂರದ ತಿಪ್ಪೆಗೆ ಹೋಗಲಿ, ಪ್ಲಾಸ್ಟಿಕ್ ಪಂಚಾಯತಿಯ ಕಸದ ಗಾಡಿಗೆ ಹೋಗಲಿ. ಸುಡುವುದು ಸಲ್ಲದು.

3. ಚರಂಡಿಯ ಹೂಳನ್ನು ತೆಗೆದು ಅದರ ಅಂಚಿನಲ್ಲೇ ಬಿಡಬಾರದು. ಮುಂದಿನ ಮಳೆಗೆ ಅದು ಮರಳಿ ಒಳಗಿಳಿಯುತ್ತದೆ.

4. ಹತ್ತಿ, ಮೆಣಸಿನ ಹೊಲಕ್ಕೆ ಔಷಧ ಸಿಂಪಡಿಸಿದ ಡಬ್ಬಿಗಳನ್ನು ಬೀದಿಯ ನಲ್ಲಿಯಲ್ಲಿ ತೊಳೆಯಬಾರದು.

5. ಮಳೆಗಾಲದಲ್ಲಿ ನೀರನ್ನು ಕುದಿಸಿ ಆರಿಸಿ ಕುಡಿಯಬೇಕು. ಭೇದಿಯಾದರೆ ಕೂಡಲೇ ಓಆರ್‌ಎಸ್ ದ್ರಾವಣ ಆರಂಭಿಸಬೇಕು. ಮಗು ಮಂಕಾದರೆ, ಮೂತ್ರ ಕಡಿಮೆಯಾದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು.

ಹನ್ನೆರಡನೆಯ ಶತಮಾನದ ಶರಣೆ ಸತ್ಯಕ್ಕ ಕಸ ಗುಡಿಸುವುದನ್ನೇ ಕಾಯಕವಾಗಿ ಕೈಗೊಂಡವರು. ಆ ಕಾಯಕವನ್ನು ಇಂದು ನಮ್ಮ ಪರವಾಗಿ ಮಾಡುತ್ತಿರುವವರು ಪೌರಕಾರ್ಮಿಕರು. ಅವರನ್ನು ಶರಣೆಂದು ಗೌರವಿಸುವುದು ಮಾತ್ರವಲ್ಲ, ಅವರ ಭಾರವನ್ನು ಹಗುರಗೊಳಿಸುವುದೂ ನಮ್ಮ ಧರ್ಮ. ಈ ವರ್ಷ ಮೊದಲ ಮೋಡ ಕಾಣುವ ಮುನ್ನ ಪೊರಕೆಯು ನಮ್ಮ ಕೈಯಲ್ಲಿರಲಿ. ಸರ್ವರಿಗೂ ಆರೋಗ್ಯ ಲಭಿಸಲಿ.