ಕಾನೂನು ಒಬ್ಬರೇ ಓದುವ ಪಾಠವಲ್ಲ

ಬೀದರಿನಿಂದ ಹೈದರಾಬಾದಿಗೆ ಕಾನೂನು ಓದಲು ಹೊರಟ ಹುಡುಗ ಹುಡುಗಿಯರ ಬಸ್ಸು ಪಟಾನ್‌ಚೆರು ದಾಟಿಯೇ ಹೋಗುತ್ತದೆ. ಪರಿಸರ ಕಾನೂನಿನ ದೊಡ್ಡ ಪಾಠವೊಂದು ಆ ಊರಲ್ಲೇ ಇದೆ. ಅಲ್ಲಿನ ಕಾರ್ಖಾನೆಗಳ ಮಾಲಿನ್ಯದ ವಿರುದ್ಧ 1990ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿ ಮುಂದೆ ಹೈಕೋರ್ಟಿಗೆ, ಆಮೇಲೆ ಹಸಿರು ನ್ಯಾಯಮಂಡಳಿಗೆ ಬಂತು. ಇಂಥ ಪ್ರಕರಣವನ್ನು ರೂಮಿನಲ್ಲಿ ಒಬ್ಬರೇ ಕೂತು ಓದಿದರೆ ತಲೆ ಕೆಡುತ್ತದೆ. ಮೂವರು ಹಂಚಿಕೊಳ್ಳಿ: ಒಬ್ಬೊಬ್ಬರು ಒಂದೊಂದು ಹಂತ ಓದಿ, ಸಂಜೆ ಚಹಾಕ್ಕೆ ಕೂತು ಒಬ್ಬರಿಗೊಬ್ಬರು ಹೇಳಿ. ಎದುರಿಗಿರುವವರು ಅಡ್ಡಪ್ರಶ್ನೆ ಹಾಕಲಿ. ನಾಳೆ ಕೋರ್ಟಿನಲ್ಲೂ ಅದೇ ತಾನೆ ಆಗುವುದು!

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲಂತೂ ಈ ಒಡನಾಟ ಇನ್ನೂ ಬೇಕು. ಹಳೆಯ ದಂಡ ಸಂಹಿತೆಯಲ್ಲಿ ಕೊಲೆಗಿದ್ದ ಕಲಂ 302 ಈಗ 103. ಹಳೆಯ ಅಪರಾಧಗಳಿಗೆ ಹಳೆಯ ಸಂಹಿತೆಯೇ ಅನ್ವಯ, ಹಾಗಾಗಿ ಎರಡೂ ಗೊತ್ತಿರಬೇಕು. ಸೀನಿಯರ್‌ಗಳ ಹಳೆಯ ನೋಟ್ಸ್ ಪಕ್ಕದಲ್ಲಿ ಹೊಸ ಕಲಂ ಬರೆದು ಜೂನಿಯರ್‌ಗಳಿಗೆ ದಾಟಿಸಿ. ನೋಟ್ಸ್ ಬಚ್ಚಿಡುವವರು ನನಗಂತೂ ಜಾಣರಾಗಿ ಕಾಣುವುದಿಲ್ಲ.

ಹೀಗೆ ಕಲಿತದ್ದನ್ನು ದಾಟಿಸುವ ದೊಡ್ಡ ಮಾದರಿಯೂ ಇದೆ: ಕಾನೂನು ಪ್ರಾಧ್ಯಾಪಕ ಶಮ್ನಾದ್ ಬಷೀರ್ 2010ರಲ್ಲಿ ಕಟ್ಟಿದ 'ಐಡಿಯಾ' (IDIA) ಸಂಸ್ಥೆಯಲ್ಲಿ ಕಾನೂನು ವಿದ್ಯಾರ್ಥಿಗಳೇ ಬಡಮಕ್ಕಳನ್ನು ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ತಯಾರು ಮಾಡುತ್ತಾರೆ. ನಿಮ್ಮ ಹಾಸ್ಟೆಲಿನಲ್ಲಿ ಅಷ್ಟು ದೊಡ್ಡದು ಬೇಕಿಲ್ಲ. ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ತೀರ್ಪಿನೆದುರು ಬೆವರುವ ಗೆಳತಿಗೆ ಅರ್ಧ ಗಂಟೆ ಕೊಡಿ, ಸಾಕು.

ಯಾರಾದರೂ ಊಟ ಬಿಟ್ಟು, ಕ್ಲಾಸು ಬಿಟ್ಟು ಮೌನವಾದರೆ ಉಪದೇಶ ಬೇಡ, ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ. ನಿಮ್ಮ ಕೈಮೀರಿದ್ದು ಅನಿಸಿದರೆ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಹಚ್ಚಿ ಕೊಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.